ಕೈ ಅಳಬಾರದು

ನಮ್ಮ ನರ್ಸಿಂಗ್ ಕಾಲೇಜಿನ್ಯಾಗ ಒಬ್ಬ ರಮಾನಾಥ ಅದಾನ. ಮನಷ್ಯಾ ಅಲ್ರಿ, ಪ್ಲಾಸ್ಟಿಕ್ ಬೊಂಬಿ. ಹುಡಿಗ್ಯಾರು ಅವನ ಮ್ಯಾಲೇ ಮೈ ಒರಸೂದು, ಸೂಜಿ ಚುಚ್ಚೂದು ಕಲೀತಾರ. ಒಂದು ಕಿವಿ ಹರದು ಹೋಗೇತಿ. ಮೊಣಕಾಲಂತೂ ಎಂದೋ ಹಿಡಕೊಂಡಾವು, ಮಡಚಾಕ ಹೋದ್ರ ಕಟ್ ಅಂತಾವು, ಮಡಚೂದಿಲ್ಲ. ಹೊಸಾದು ತರಸ್ರಿ ಅಂತ ಹುಡಿಗ್ಯಾರು ಕೇಳಿ ಕೇಳಿ ಸಾಕಾಗಿ ಬಿಟ್ರು. ಸತ್ತವರ ಮೈ ಹ್ಯಾಂಗ ನೀಟ ಮಾಡಬೇಕು ಅನ್ನೂದನ್ನೂ ಅವನ ಮ್ಯಾಲೇ ಕಲಸ್ತಾರ. ಕಣ್ಣು ಮುಚ್ಚು, ಗದ್ದ ಕಟ್ಟು, ಕೈಕಾಲು ನೆಟ್ಟಗ ಮಾಡು, ಕಾಲಿನ ಎರಡೂ ಹೆಬ್ಬಟ್ಟು ಕೂಡಿಸಿ ಬ್ಯಾಂಡೇಜಿಲೆ ಕಟ್ಟು, ಮ್ಯಾಲ ಬಿಳೇ ಚಾದರ ಹೊಚ್ಚು. ರಮಾನಾಥ ಹಿಂಗ ಎಷ್ಟು ಸಲ ಸತ್ತಾನೋ ಶಿವನಿಗೇ ಗೊತ್ತು.

ನಾ ನೀಲಾಬಾಯಿ, ಇಂಡಿ ಕಡಿಯಾಕಿ. ಈ ಕಾಲೇಜಿನ ಹಾಸ್ಟೆಲಿನ್ಯಾಗ ಅಡಗಿ ಮಾಡ್ತೀನಿ, ಹುಡಿಗ್ಯಾರಿಗೆಲ್ಲಾ ಮಾವಶಿ, ಅಂದ್ರ ಚಿಗವ್ವ. ಕಾಲೇಜಿನ ಹೆಸರು ಮಾತ್ರ ಕೇಳಬ್ಯಾಡ್ರಿ, ಹೇಳಂಗಿಲ್ಲ, ನಾಳೆ ನಾ ಅಲ್ಲೇ ಒಲಿ ಹಚ್ಚಬೇಕು. ಡೊಂಬಿವಲಿ ಕಡೆ ಒಂದು ಬಿಲ್ಡಿಂಗ್ ಅನ್ಕೋರಿ. ಕೆಳಗ ಟಾಯರ್ ಅಂಗಡಿ, ಅದರ ಮ್ಯಾಲ ಕಾಲೇಜು, ಕಾಲೇಜಿನ ಮ್ಯಾಲ ಹಾಸ್ಟೆಲು, ಗಲ್ಲಿ ದಾಟಿದ್ರ ಎದುರಿಗೇ ದವಾಖಾನಿ. ಹುಡಿಗ್ಯಾರು ಆ ದವಾಖಾನ್ಯಾಗ ಡ್ಯೂಟಿ ಮಾಡ್ತಾರ. ಕಾಲೇಜು, ಹಾಸ್ಟೆಲು, ದವಾಖಾನಿ ಮೂರೂ ಒಬ್ಬನೇ ಮಾಲಕಂದು. ಇನ್‌ಸ್ಪೆಕ್ಷನ್ ಬಂದ ದಿನ ರಮಾನಾಥಗೂ ಹೊಸಾ ಅಂಗಿ, ನನ್ನ ಸಾರಿಗೂ ಬ್ಯಾಳಿ. ಉಳಿದ ದಿನ ಯಾರು ಕೇಳ್ತಾರ?

ಶಿವಕುಮಾರಿ, ನಮ್ಮ ಶಿವಿ, ಇಲ್ಲಿಗೆ ಕಲಿಯಾಕ ಬಂದ ದಿನ ನಂಗ ಚೊಲೊ ನೆಪ್ಪೈತಿ. ಅವರಪ್ಪ ಕಾಶಪ್ಪ ಟ್ರಂಕು ಹೊತ್ತು ಮೆಟ್ಟಿಲ ಏರಿ ಬಂದಾಂವ ನನ್ನ ಅಡಗಿಮನಿ ಬಾಗಲದಾಗ ಕುಕ್ಕರಗಾಲಲೆ ಕುಂತ್ಬಿಟ್ಟ. ತೇಕು ಹತ್ತಿತ್ತು. ನಾ ಯಾರಿಗೋ ಬೈಯಾಕತ್ತಿದ್ದೆ, ನಮ್ಮ ಮಾತು ಕಿವಿಗೆ ಬಿದ್ದಕೂಡ್ಲೆ ಮಾರಿ ಅರಳಿಸಿ, "ಯಾವೂರಾಕಿ ಅಕ್ಕಾ ನೀ?" ಅಂದ. ಅಂವ ಸಿಂದಗಿ ಕಡಿಯಾಂವ. ಮುಂಬಯ್ಯಾಗ ಟೈಲ್ಸ್ ಕೊಯ್ದು ಹಚ್ಚೂ ಕೆಲಸ. ಸಯನ್‌ದಾಗ ಒಂದು ಚಾಳಿನ ಖೋಲ್ಯಾಗ ಹೆಂಡತಿ ಚನ್ನವ್ವ, ಇದೊಂದೇ ಮಗಳು. ನಮ್ಮ ಜಾತಿಯವರೇ. ಒಂದು ಕಪ್ ಚಾ ಮಾಡಿ ಕೊಟ್ಟೆ.

"ಅಕ್ಕಾ, ನನ್ನ ಹೆಂಡ್ತಿ ಅಣ್ಣ ಧರ್ಮಣ್ಣ ಬ್ಯಾಡ ಅಂದ. ಗಂಡಸರ ಮೈ ಮುಟ್ಟೂ ಕೆಲಸ, ನಮ್ಮ ಮನತನಕ್ಕ ಸಲ್ಲಂಗಿಲ್ಲ ಅಂದ," ಅಂತ ಕಾಶಪ್ಪ ಹೇಳಿದ. "ನಾ ಇಕಿಗೆ ಒಂದೇ ಮಾತು ಕೇಳೀನಿ. ನರ್ಸ್ ಆದ್ರ ಸಾಯೂ ಮನಷ್ಯಾನ ಹಂತ್ಯಾಕ ನೀನೇ ಇರ್ತಿ ಹೌದಲ್ಲ ಅಂದೆ. ಹೌದಪ್ಪ ಅಂದ್ಳು. ಹಂಗಾದ್ರ ನನ್ನ ಕುಂದರಸೂ ಕೆಲಸ ನಿಂದು ಅಂದೆ. ಅದೊಂದು ಮಾತಿನ ಮ್ಯಾಲ ಕಳಸೀನಿ."

ನಿಮಗ ಗೊತ್ತಿರಲಿಕ್ಕಿಲ್ಲ, ಹೇಳ್ತೀನಿ ಕೇಳ್ರಿ. ನಮ್ಮಲ್ಲಿ ಸತ್ತವರನ್ನ ಮಲಗಿಸಂಗಿಲ್ಲ. ಜಳಕ ಮಾಡಿಸಿ, ವಿಭೂತಿ ಹಚ್ಚಿ, ಚಕ್ಕಳಮಕ್ಕಳ ಹಾಕಿ ಕುಂದರಸ್ತಾರ. ಕುಂತಂಗೇ ಒಯ್ದು ಕುಂತಂಗೇ ಮಣ್ಣ ಕೊಡ್ತಾರ. ಆದ್ರ ಜೀವ ಹೋದಕೂಡ್ಲೆ ಕುಂದರಸಬೇಕು, ತಡಾ ಆದ್ರ ಮೈ ಸೆಟದು ಹೋಗ್ತೈತಿ, ಕಾಲು ಮಡಚೂದಿಲ್ಲ. ಊರಾಗ ಹತ್ತು ಮಂದಿ ಹಿರ್ಯಾರು ಇರ್ತಾರ, ನಡೀತೈತಿ. ಮುಂಬಯ್ಯಾಗ ಸತ್ತರ ಮೊದಲು ಡಾಕ್ಟರ್ ಬರಬೇಕು, ಆಮ್ಯಾಲ ಕಾಗದ, ಆಮ್ಯಾಲ ಗಾಡಿ. ಕಾಶಪ್ಪನ ಜೋಡಿ ಟೈಲ್ಸ್ ಹಚ್ಚತಿದ್ದ ಸಂತು ಅಂಬಾಂವಂದು ಹಂಗೇ ಆಗಿತ್ತು. ದೊಡ್ಡ ದವಾಖಾನಿಂದ ಹೊರಗ ತರೂದ್ರಾಗ ಕಟಗಿ ಆಗಿದ್ದನಂತ. ನಾಕು ಮಂದಿ ಕೂಡಿ ಕಾಲು ಮಡಚಾಕ ಹೋದಾಗ ಬಂದ ಸಪ್ಪಳ ಕಾಶಪ್ಪನ ಕಿವ್ಯಾಗ ಕುಂತಿತ್ತು.

"ಜೀವನಾ ಪೂರ್ತಿ ಮಂದಿ ಮನ್ಯಾಗ ಕುಕ್ಕರಗಾಲಲೆ ಕುಂತು ಟೈಲ್ಸ್ ಹಚ್ಚೀನಿ ಅಕ್ಕಾ," ಅಂದ ಕಾಶಪ್ಪ. "ಒಂದು ಮನ್ಯಾಗರ ಕಾಲು ಮಡಚಿ ಕುಂತೇನೇನು? ಮಾಲಕರು ಬಂದ್ರ ಎದ್ದು ನಿಲ್ಲಬೇಕು. ಸತ್ತ ಮ್ಯಾಲರ ಗೌಡ್ರಂಗ ಕುಂದರ್ತೀನಿ." ಅಂದು ನಕ್ಕ. ನಕ್ಕಿದ್ದಕ್ಕೇ ಕೆಮ್ಮು ಬಂತು.

ಶಿವಿ ಅಲ್ಲೇ ನಿಂತಿದ್ಳು. "ಸಾಕಪ್ಪ, ಬಂದ ದಿನಾನೇ ಮರಣ ಯಾಕ," ಅಂದ್ಳು. ಸಣ್ಣ ಮೈಯಾಕಿ, ಎಣ್ಣಿ ಹಚ್ಚಿ ಜಗ್ಗಿ ಹಾಕಿದ ಜಡಿ. ಮುಂಬಯ್ಯಾಗ ಹುಟ್ಟಿ ಬೆಳದಾಕಿ, ಅರ್ಧ ಕನ್ನಡ ಅರ್ಧ ಹಿಂದಿ. ಅಪ್ಪನ ಜೋಡಿ ಮಾತ್ರ ಚೊಕ್ಕ ನಮ್ಮ ಮಾತು.

ಕಾಲೇಜ ಅಂದ್ರ ನೀವೇನು ತಿಳದೀರಿ? ಪಾಠ ಇಂಗ್ಲಿಷಿನ್ಯಾಗ, ಬೈಗುಳ ಮರಾಠಿಯೊಳಗ, ಅಳೂದು ಅವರವರ ಮಾತಿನ್ಯಾಗ. ಡ್ಯೂಟಿ ಅಂದ್ರ ವಾರ್ಡ್‌ಬಾಯ್ ಬರದಿದ್ರ ಅವನ ಕೆಲಸ, ಆಯಾ ಬರದಿದ್ರ ಅಕಿ ಕೆಲಸ, ಇಬ್ಬರೂ ಬಂದ್ರ ಅವರು ಹೇಳಿದ ಕೆಲಸ. ಬೆಡ್‌ಪ್ಯಾನ್ ತೊಳದು ತೊಳದು ಕೈ ವಾಸನಿ ಹೋಗೂದಿಲ್ಲ ಅಂತ ಮೊದಲ ವರ್ಷದ ಹುಡಿಗ್ಯಾರು ಉಣ್ಣೂದೇ ಬಿಡ್ತಾರ. ನಾ ಬೈದು ಉಣಸ್ತೀನಿ. ಡ್ಯೂಟಿಗೆ ಹೋಗೂ ಮುಂದ ಫೋನೆಲ್ಲಾ ಟೀಚರ್ ಶೀತಲ್ ಮೇಡಂ ಕಪಾಟಿನ್ಯಾಗ ಇಡಬೇಕು. ರಜಾ ಕೇಳಿದ್ರ, ಮನ್ಯಾಗ ಯಾರರ ಸತ್ತಾರೇನು ಅಂತ ಕೇಳ್ತಾರ. ಜ್ವರ ಬಂದ್ರೂ ಇದೇ ಪ್ರಶ್ನೆ.

ಶೀತಲ್ ಮೇಡಂ ಕೆಟ್ಟಾಕಿ ಅಲ್ರಿ, ಸುಳ್ಳು ಯಾಕ ಹೇಳಲಿ. ಒಬ್ಬಾಕಿನೇ ಮೂರು ಮಂದಿ ಟೀಚರ್ ಕೆಲಸ ಮಾಡತಿದ್ಳು. ನಾಲಿಗಿ ಮಾತ್ರ ಭಾಳ ಖಾರ.

ಶಿವಿಯ ಮೊದಲನೇ ಸಾವು ಒಂದು ಮುದುಕಿದು. ಡ್ಯೂಟಿ ಮ್ಯಾಲ ಇದ್ದಾಕಿ ಶಿವಿ. ಮುದುಕಿ ಹಿಂದಿನ ದಿನ ಇಕಿ ಗಲ್ಲಾ ಸವರಿ, ಚಂದ ಅದೀ ಅಂದಿದ್ಳಂತ. ಶಿವಿ ಅಳಕೋಂತ ನಿಂತ್ಳು, ಗದ್ದ ಕಟ್ಟೂದು ಮರತ್ಳು. ಮಕ್ಕಳು ಬರೂದ್ರಾಗ ಮುದುಕಿ ಬಾಯಿ ತಕ್ಕೊಂಡು ಹಂಗೇ ಸೆಟದಿತ್ತು. ಮಕ್ಕಳು ವಾರ್ಡ್ ಎಬ್ಬಿಸಿ ಕುಣದ್ರು. ನಮ್ಮವ್ವನ ಮಾರಿ ಹಿಂಗ ಮಾಡೀರಿ ಅಂತ ಟೇಬಲ್ ಮ್ಯಾಲಿನ ಸಾಮಾನು ಬೀಸಿ ಒಗದ್ರು.

ಮರುದಿನ ಎಲ್ಲಾರೂ ಊಟಕ್ಕ ಕುಂತಾಗ ಮೇಡಂ ಶಿವಿನ್ನ ರಮಾನಾಥನ ಮುಂದ ನಿಂದರಿಸಿದ್ಳು. ನಾ ಕರಿಯಾಕ ಹೋಗಿದ್ದೆ, ನೋಡೀನಿ. ಕಟ್ಟೂದು, ಬಿಚ್ಚೂದು, ಹೊಳ್ಳಿ ಕಟ್ಟೂದು. ಶಿವಿ ಕಣ್ಣಾಗ ನೀರು ಇಳಿಯಾಕತ್ತಿತ್ತು. ಮೇಡಂ ಮರಾಠಿಯೊಳಗ ಅಂದಿದ್ದನ್ನ ನಮ್ಮ ಮಾತಿನ್ಯಾಗ ಹೇಳ್ತೀನಿ: "ಕಣ್ಣು ಅಳಲಿ. ಕೈ ಅಳಬಾರದು. ನಿನ್ನ ಕೈ ಅತ್ರ ಆ ಮನಷ್ಯಾಗ ಕಡೀ ಅವಮಾನ. ನೀ ಏನೂ ವಿಚಾರ ಮಾಡಬ್ಯಾಡ, ಕೈಗೆ ಬಿಟ್ಟು ಬಿಡು."

ಶಿವಿ ತಾಟು ಮುಚ್ಚಿಟ್ಟಿದ್ದೆ. ತಣ್ಣಗಾಗಿತ್ತು. ಉಣಲಿಲ್ಲ.

ಅಲ್ಲಿಂದ ಮುಂದ ಶಿವಿಯ ಕೈ ಕಲತ್ವು ನೋಡ್ರಿ. ಎರಡನೇ ವರ್ಷಕ್ಕ ಬರೂದ್ರಾಗ ವಾರ್ಡಿನ್ಯಾಗ ಯಾರರ ಹೋದ್ರ ಸಾಕು, ಶಿವಕುಮಾರಿನ್ನ ಕರೀರಿ ಅಂತಿದ್ರು. ಅಕಿ ಕಟ್ಟಿದ ಗಂಟು ಸಡಲ ಆಗತಿರಲಿಲ್ಲ, ಚಾದರಕ್ಕ ಒಂದು ನಿರಿಗಿ ಇರತಿರಲಿಲ್ಲ. ಸತ್ತವರ ಮಂದಿ ನೋಡಿ, ಮಲಗಿದಂಗ ಅದಾರ ಅಂತ ಕೈ ಮುಗೀತಿದ್ರು. ಊಟಕ್ಕ ಕುಂತಾಗ ಚಮಚಾ, ಲೋಟಾ ಎಲ್ಲಾ ನೆಟ್ಟಗ ಮಾಡತಿದ್ಳು, ತನಗ ಗೊತ್ತಿಲ್ದಂಗ. ಅಕಿ ಖೋಲ್ಯಾಗ ಇರತಿದ್ದ ಕಾಪು ಕಡೆ ಹುಡಿಗಿ ಯಕ್ಷಿತಾ ಒಂದಿನ ಬಂದು, "ಮಾವಶಿ, ನಾನು ಮಧ್ಯಾಹ್ನ ಮುದುಡಿ ಮಲಗಿದ್ರೆ ಇವಳು ನನ್ನ ಕಾಲು ನೇರ ಮಾಡ್ತಾಳೆ, ಮಾರಾಯ್ತಿ!" ಅಂದ್ಳು. ಎಲ್ಲಾರೂ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ.

ನನ್ನ ಬಾಯಿ ಸುಮ್ನಿರಂಗಿಲ್ಲ. ಒಮ್ಮೆ ಪಲ್ಲೆ ಹೆಚ್ಚಾಕ ಬಂದಾಗ ಕೇಳೇ ಬಿಟ್ಟೆ, "ಏನವಾ, ನಿಮ್ಮಪ್ಪಗೂ ಹಿಂಗ ಹೆಬ್ಬಟ್ಟು ಕಟ್ತಿ ಏನು?"

"ಛೀ, ಏನ್ ಮಾವಶಿ! ಅಪ್ಪಂದು ಬ್ಯಾರೆ. ಅದು ಮನಿದು, ಇದು ಡ್ಯೂಟಿದು," ಅಂದ್ಳು. ಅಂದು ಬದನಿಕಾಯಿ ಸಾಲಾಗಿ ನೆಟ್ಟಗ ಇಟ್ಳು.

ಆ ವರ್ಷದ ಬ್ಯಾಸಿಗ್ಯಾಗ ಕಾಶಪ್ಪ ಹಾಸಿಗಿ ಹಿಡದ. ಟೈಲ್ಸಿನ ಧೂಳು ಎದಿಯೊಳಗ ಹೋಗಿ ಕುಂತೈತಿ ಅಂದ್ರು ಡಾಕ್ಟರು. ಅದಕ್ಕ ಔಷಧ ಇಲ್ಲಂತ, ಆಕ್ಸಿಜನ್ ಅಷ್ಟೇ ಅಂತ. ಮೊದಲು ಸಯನ್ ಹಂತ್ಯಾಕ ಒಂದು ದವಾಖಾನ್ಯಾಗ ಇಟ್ಟಿದ್ರು. ಅಪ್ಪಾನೇ ಹಟಾ ಹಿಡದ, ನನ್ನ ಮಗಳು ಇರೂ ದವಾಖಾನಿಗೆ ಒಯ್ರಿ ಅಂತ. ನಾಕು ಮಂದಿ ಬ್ಯಾಡ ಅಂದ್ರೂ ಕೇಳಲಿಲ್ಲ. ತಂದ್ರು. ಶೀತಲ್ ಮೇಡಂ ಶಿವಿಗೆ ಅದೇ ವಾರ್ಡಿನ ಡ್ಯೂಟಿ ಹಾಕಿ ಕೊಟ್ಳು. ಹೇಳಿದೆನಲ್ಲ, ಕೆಟ್ಟಾಕಿ ಅಲ್ಲ.

ಕಾಶಪ್ಪಗ ಮಲಗಾಕ ಆಗತಿರಲಿಲ್ಲ. ಮಲಗಿಸಿದ್ರ ಉಸರು ನಿಂತಂಗ ಆಗತಿತ್ತು. ಹಗಲೂ ರಾತ್ರಿ ಹಾಸಿಗಿ ಮ್ಯಾಲ ಕುಂತೇ ಇರತಿದ್ದ, ಮುಂದ ಊಟದ ಟೇಬಲ್, ಅದರ ಮ್ಯಾಲ ದಿಂಬು, ದಿಂಬಿನ ಮ್ಯಾಲ ತಲಿ. ಕಾಲು ಮಡಚಿ ಚಕ್ಕಳಮಕ್ಕಳ. ನಾ ಶಿವಿಗೆ ಡಬ್ಬಿ ಒಯ್ದಾಗೆಲ್ಲಾ ಮಾತಾಡಸ್ತಿದ್ದೆ. ಒಂದು ಶಬ್ದಕ್ಕ ಒಂದು ಉಸರು ತಗೊಂಡು ಅಂತಿದ್ದ, "ನೋಡ... ಅಕ್ಕಾ... ಈಗಿಂದಾನೇ... ರೂಢಿ ಮಾಡಾಕತ್ತೀನಿ." ಸಾಯೂ ಹೊತ್ತಿನ್ಯಾಗೂ ಚ್ಯಾಷ್ಟಿ ಬಿಡಲಿಲ್ಲ ಅಂವ. ಚನ್ನವ್ವ ಸೆರಗು ಬಾಯಾಗ ತುರಕೊಂಡು ಆ ಕಡೆ ತಿರಗತಿದ್ಳು.

ಚನ್ನವ್ವ ಗಂಡನ ಹಾಸಿಗಿ ಬಿಟ್ಟು ಕದಲಿದಾಕಿ ಅಲ್ಲ. ಆ ಐತವಾರ ಮುಂಜಾನೆ ಕಾಶಪ್ಪಾನೇ ಅಂದ, ಜ್ವಾಳದ ನುಚ್ಚು ಉಣ್ಣಬೇಕು ಅನಸೇತಿ, ಮನ್ಯಾಗಿಂದು ಅಂತ. ನಾ ಮಾಡಿ ಕೊಡ್ತಿದ್ದೆ, ನನ್ನ ಯಾರೂ ಕೇಳಲಿಲ್ಲ. ಅಕಿ ಸಯನ್‌ಗೆ ಹೋದ್ಳು, ಜಳಕಾ ಮಾಡಿ, ನುಚ್ಚು ಕಟಗೊಂಡು ಬರ್ತೀನಿ ಅಂತ. ಅಂದು ಮೆಗಾಬ್ಲಾಕ್, ಹಳಿ ರಿಪೇರಿಗಂತ ಅರ್ಧಕ್ಕರ್ಧ ಲೋಕಲ್ ಬಂದ್. ಐತವಾರ ಲೋಕಲ್ ಹ್ಯಾಂಗಿರತಾವು ನಿಮಗ ಗೊತ್ತೇ ಐತಿ.

ನಾ ಮಧ್ಯಾಹ್ನದ ಡಬ್ಬಿ ಹಿಡಕೊಂಡು ವಾರ್ಡಿಗೆ ಹೋದಾಗ ಶಿವಿ ಅಪ್ಪನ ಬೆನ್ನು ತಿಕ್ಕಾಕತ್ತಿದ್ಳು. ಕಾಶಪ್ಪ ದಿಂಬಿನ ಮ್ಯಾಲ ತಲಿ ಇಟ್ಟಿದ್ದ. ನಾ ಡಬ್ಬಿ ಇಟ್ಟೆ. ಶಿವಿ ಕೈ ನಿಂತು ಹೋತು. ಅಪ್ಪ ಅಂದ್ಳು. ಹೊಳ್ಳಿ ಅಪ್ಪ ಅಂದ್ಳು. ಆಮ್ಯಾಲ ಕುತ್ತಿಗಿ ಮ್ಯಾಲ ಬಟ್ಟು ಇಟ್ಟು ನೋಡಿದ್ಳು, ಕಲತಾಕಿ ಅಲ್ಲೇನು. ಡಾಕ್ಟರ್ ಓಡಿ ಬಂದ, ನಾಡಿ ಹಿಡದ, ಮಿಷನ್ ಹಚ್ಚಿದ, ಗಡಿಯಾರ ನೋಡಿ ಟೈಮ್ ಬರಕೊಂಡ. ಹಡದ ಅಪ್ಪ ಮಗಳ ಕೈಯಾಗೇ ಹೋದ. ಅದೂ ಕುಂತಂಗೇ ಹೋಗಿದ್ದ ರೀ.

ಶೀತಲ್ ಮೇಡಂ ಬಂದು ಶಿವಿ ಹೆಗಲ ಮ್ಯಾಲ ಕೈ ಇಟ್ಳು. "ನೀ ಹೊರಗ ಕುಂದರು. ಯಕ್ಷಿತಾ ಮಾಡ್ತಾಳ," ಅಂದ್ಳು.

"ಬ್ಯಾಡ ಮೇಡಂ. ನಮ್ಮಪ್ಪನ್ನ ಯಾರೂ ಮುಟ್ಟಬ್ಯಾಡ್ರಿ. ನಾನೇ ಮಾಡ್ತೀನಿ," ಅಂದ್ಳು ಶಿವಿ. ಕಣ್ಣಾಗ ನೀರು ಧಾರಾಕಾರ. ಕೈ ಮಾತ್ರ ಒಂದಿಷ್ಟೂ ನಡಗಲಿಲ್ಲ. ಅಕೀನೇ ಪರದೆ ಎಳದ್ಳು.

ನಾ ಹೊರಗ ನಿಂತು ಕೈ ಮುಗದೆ. ಶಿವನೇ, ಕಾಶಪ್ಪನ ಮಾತು ನಡೀತು, ಮಗಳು ಕುಂದರಸಾಕತ್ತಾಳ ಅಂದೆ. ಒಳಗ ಹೋಗೂಣು ಅಂದ್ರ ಯಾರೂ ಮುಟ್ಟಬ್ಯಾಡ್ರಿ ಅಂದಾಳ. ಅತ್ಲಾಗ ಹಾಸ್ಟೆಲಿನ ಹುಡಿಗ್ಯಾರು ತಾಟು ಬಡಿಯಾಕ ಶುರು ಮಾಡಿರ್ತಾರ. ನೀಡಾಕ ಹೋದೆ. ನೀಡಿ, ಪಾತೇಲಿ ತೊಳದು, ಚನ್ನವ್ವನ ಮನಿಗೆ ಫೋನ್ ಹಚ್ಚಿ ಸುದ್ದಿ ಹೇಳಿ, ನಾ ಹೊಳ್ಳಿ ಬರೂದ್ರಾಗ ಹೆಣ ಕೆಳಗಿನ ಬರಫಿನ ಖೋಲಿಗೆ ಒಯ್ದು ಬಾಗಲಾ ಹಾಕಿದ್ರು. ಐತವಾರ, ಸಹಿ ಮಾಡೂ ದೊಡ್ಡ ಡಾಕ್ಟರ್ ಇಲ್ಲ. ಅವರು ಬರೂತನ ಕೊಡಂಗಿಲ್ಲ ಅಂದ್ರು. ಶಿವಿ ಬಾಗಲದ ಮುಂದ ನೆಲಕ್ಕ ಕುಂತಿದ್ಳು.

"ಆತೇನವಾ ಎಲ್ಲಾ?" ಅಂದೆ.

"ಆತು ಮಾವಶಿ. ಚೊಲೊ ಮಾಡೀನಿ. ಯಾರಿಗೂ ಇಷ್ಟು ಚೊಲೊ ಮಾಡಿರಲಿಲ್ಲ," ಅಂದ್ಳು. ಅಕಿನ್ನ ಅಪ್ಪಕೊಂಡೆ.

ಚನ್ನವ್ವ, ಧರ್ಮಣ್ಣ ಬರೂದ್ರಾಗ ಹೊತ್ತು ಇಳದಿತ್ತು. ಅರ್ಧ ದಾರಿ ಬಸ್ಸಿನ್ಯಾಗ ನಿಂತು, ಅರ್ಧ ದಾರಿ ಲೋಕಲ್ಲಿನ್ಯಾಗ ತುಂಬಿಕೊಂಡು ಬಂದಿದ್ರು. ಚನ್ನವ್ವನ ಕೈಯಾಗ ನುಚ್ಚಿನ ಡಬ್ಬಿ ಹಂಗೇ ಇತ್ತು. ದೊಡ್ಡ ಡಾಕ್ಟರ್ ಬಂದು ಸಹಿ ಮಾಡಿದ ಮ್ಯಾಲ ಖೋಲಿ ಬಾಗಲಾ ತಗದ್ರು. ಸ್ಟ್ರೆಚರ್ ಮ್ಯಾಲ ಬಿಳೇ ಚಾದರ, ಒಂದು ನಿರಿಗಿ ಇಲ್ಲ. ಉದ್ದಕ್ಕ ಐತಿ. ಎವ್ವ, ಇಕಿ ಏನು ಮಾಡ್ಯಾಳ!

ಚನ್ನವ್ವ ಚಾದರ ಎತ್ತಿದ್ಳು. ಗದ್ದಕ್ಕ ಬ್ಯಾಂಡೇಜ್ ಕಟ್ಟೇತಿ, ತಲಿ ಹಿಕ್ಕೇತಿ, ಕೈ ಎರಡೂ ಮಗ್ಗಲಿಗೆ ನೆಟ್ಟಗ. ಹೆಬ್ಬಟ್ಟು ಕೂಡಿಸಿ ಕಟ್ಟೇತಿ. ಮಲಗಿದಂಗ ಇದ್ದ ಕಾಶಪ್ಪ, ಭಾಳ ಚಂದ. ಚನ್ನವ್ವ ಒದರಲಿಲ್ಲ. ಮಗಳ ಕಡೆ ತಿರಗಿ ಸಣ್ಣ ದನಿಯಾಗ ಕೇಳಿದ್ಳು, "ನಾ ಹೋಗುವಾಗ ಕುಂತಿದ್ದನಲ್ಲ? ಕುಂತಾಂವನ್ನ ಯಾಕ ಮಲಗಿಸಿದಿ?"

ಶಿವಿ ತನ್ನ ಕೈ ಎರಡೂ ಮುಂದ ಹಿಡಕೊಂಡು ನೋಡಿದ್ಳು. ಆಮ್ಯಾಲ ಒಂದು ದನಿ ತಗದ್ಳು ನೋಡ್ರಿ, ನನ್ನ ಜೀವಮಾನದಾಗ ಅಂಥಾದ್ದು ಕೇಳಿಲ್ಲ, ಹೊಳ್ಳಿ ಕೇಳೂದು ಬ್ಯಾಡ.

ಧರ್ಮಣ್ಣ, "ಬಿಸಿನೀರು ತರ್ರಿ," ಅಂದ. ನನ್ನ ದೊಡ್ಡ ಪಾತೇಲಿ ತುಂಬ ನೀರು ಕಾಸಿ ಯಕ್ಷಿತಾ, ನಾನು ಹೊತ್ತು ತಂದ್ವಿ. ಶಿವಿ ಹೆಬ್ಬಟ್ಟಿನ ಗಂಟು ಬಿಚ್ಚಿ ಒಗದ್ಳು. ಟಾವೆಲ್ ಬಿಸಿನೀರಾಗ ಅದ್ದಿ ಮೊಣಕಾಲಿಗೆ ಸುತ್ತಿ ತಿಕ್ಕಿದ್ಳು, ತಿಕ್ಕಿದ್ಳು, ಕೈಯೆಲ್ಲಾ ಕೆಂಪಗ ಸುಟ್ಟು ಬೊಬ್ಬಿ ಎದ್ವು. ಅಪ್ಪ, ಮಡಚಪ್ಪ, ಒಂದೀಟು ಮಡಚಪ್ಪ ಅಂತಿದ್ಳು. ಕಾಶಪ್ಪನ ಮೊಣಕಾಲು ಅಳ್ಳಾಡಲಿಲ್ಲ. ಮೊದಲೇ ಬರಫಿನ್ಯಾಗ ಇಟ್ಟ ಮೈ.

"ಎಲ್ಲಾರೂ ಕೂಡಿ ಒತ್ತಿದ್ರ ಆಗ್ತೈತಿ, ಹಿಡೀರಿ," ಅಂದ ಧರ್ಮಣ್ಣ. ಚಾಳಿನಿಂದ ಸಂಗಾಟ ಬಂದ ಗಂಡಸರು ಮುಂದ ಬಂದ್ರು. ಶಿವಿ ಅಪ್ಪನ ಕಾಲ ಮ್ಯಾಲ ಅಡ್ಡ ಬಿದ್ಳು. "ಮುರೀಬ್ಯಾಡ್ರಿ ಮಾಮಾ, ನಿಮ್ಮ ಕಾಲ ಬೀಳ್ತೀನಿ. ಅಪ್ಪಗ ಆ ಸಪ್ಪಳ ಅಂದ್ರ ಹೆದರಿಕಿ. ನಾಳೆ ಸಂಜೀತನ ಬಿಡ್ರಿ, ಮೈ ತಾನಾ ಸಡಲ ಆಗ್ತೈತಿ. ನಾನೇ ಕುಂದರಸ್ತೀನಿ."

"ನೀ ಕಲತದ್ದು ಸಾಕವಾ," ಅಂದ ಧರ್ಮಣ್ಣ. "ಅಯ್ಯನವರಿಗೆ ಮುಂಜಾನೆ ಬರ್ರಿ ಅಂದೀವಿ. ಸ್ವಾಮವಾರ ಮಂದಿ ಕೆಲಸಕ್ಕ ಅರ್ಧ ದಿನ ಖಾಡೆ ಮಾಡಿ ಬರೂದೇ ಹೆಚ್ಚು. ಸಂಜೀತನ ಯಾರು ನಿಂದರ್ತಾರ? ಅಷ್ಟೊತ್ತು ಆ ಸಣ್ಣ ಖೋಲ್ಯಾಗ ಹೆಣ ಎಲ್ಲಿ ಇಡೂದು?"

ಅಂವ ಹೇಳಿದ್ದೂ ಖರೇನೇ. ಈ ಊರಾಗ ಸತ್ತವರಿಗೆ ಕಾಯಾಕ ಯಾರಿಗೆ ರಜಾ ಐತಿ? ಎಲ್ಲಾರೂ ಚನ್ನವ್ವನ ಮಾರಿ ನೋಡಿದ್ರು. ಅಕಿ ಗಂಡನ ಮೊಣಕಾಲ ಮ್ಯಾಲ ಕೈ ಇಟ್ಳು. "ಮುರೀಬ್ಯಾಡ್ರಿ," ಅಂದ್ಳು. "ಹಂಗೇ ಒಯ್ಯೂಣು. ಮಲಗಲಿ."

ಮುಂಜಾನೆ ರುದ್ರಭೂಮಿಗೆ ನಾನೂ ಹೋಗಿದ್ದೆ. ಅಲ್ಲಿ ಕುಣಿ ತೋಡಾಂವಗ ಯಾರೂ ಹೇಳಿರಲಿಲ್ಲ. ಕುಂದರಸಾಕ ಅಂತ ಚೌಕ ಕುಣಿ ತೋಡಿದ್ದ, ಆಳಕ್ಕ. ಅದರಾಗ ಕಾಶಪ್ಪ ಹಿಡೀಲಿಲ್ಲ. ಬಿಸಲಾಗ ಹೆಣ ದಂಡಿಗೆ ಇಟ್ಟು, ಮತ್ತ ಗುದ್ದಲಿ ತಗೊಂಡು ಕುಣಿ ಉದ್ದ ಮಾಡಿದ್ರು. ಕೆಲವು ಮಂದಿ ಕೆಲಸಕ್ಕ ಹೊತ್ತಾತು ಅಂತ ಒಂದು ಹಿಡಿ ಮಣ್ಣು ಕುಣಿ ದಂಡಿಗೆ ಇಟ್ಟು ಹೋದ್ರು. ಶಿವಿ ಸುಟ್ಟ ಕೈಲೆ ಮಣ್ಣು ಹಾಕಿದ್ಳು. ಚನ್ನವ್ವ ಮಗಳ ಮಗ್ಗಲಿಗೆ ನಿಲ್ಲಲಿಲ್ಲ, ನನ್ನ ಕೈ ಹಿಡಕೊಂಡು ನಿಂತಿದ್ಳು.

ಶಿವಿ ಹೊಳ್ಳಿ ಕಾಲೇಜಿಗೆ ಬಂದ್ಳು. ಬಿಟ್ಟು ಬಿಡ್ತಾಳ ಅಂತ ತಿಳದಿದ್ದೆ. ಬಿಟ್ಟು ಹೋಗೂದಾದ್ರೂ ಎಲ್ಲಿಗೆ? ಬಾಯಿ ಮುಚ್ಚಿಕೊಂಡು ಡ್ಯೂಟಿ ಮಾಡಿದ್ಳು. ವಾರ್ಡಿನ್ಯಾಗ ಯಾರರ ಹೋದ್ರ ಮೇಡಂ ಅಕಿನ್ನ ಕರೀತಿರಲಿಲ್ಲ. ಆದ್ರ ಪರೀಕ್ಷೆ ಯಾರ ಮಾತು ಕೇಳ್ತೈತಿ? ಪ್ರ್ಯಾಕ್ಟಿಕಲ್ ದಿನ ಚೀಟಿ ಎತ್ತಿದ್ರ ಸತ್ತವರ ಮೈ ನೀಟ ಮಾಡೂದೇ ಬಂತು. ಹೊರಗಿಂದ ಬಂದ ಪರೀಕ್ಷಕರು ರಮಾನಾಥನ್ನ ತೋರಿಸಿ, ಮಾಡು ಅಂದ್ರು. ಯಕ್ಷಿತಾ ಅಲ್ಲೇ ಇದ್ಳು, ಅಕಿ ಹೇಳಿದ್ದು ಇದು.

"ಮೊದಲು ಮನಿಯವರನ್ನ ಕೇಳಬೇಕು," ಅಂದ್ಳಂತ ಶಿವಿ.

"ಏನು ಕೇಳೂದು?"

"ಮಲಗಿಸೂದೋ, ಕುಂದರಸೂದೋ ಅಂತ."

ಪರೀಕ್ಷಕರು ನಕ್ಕರಂತ. "ಇದು ಪುಸ್ತಕದಾಗ ಇಲ್ಲ. ಕಟ್ಟು," ಅಂದ್ರಂತ. ಶಿವಿ ರಮಾನಾಥನ ಮೊಣಕಾಲ ಹಿಡಕೊಂಡು ಮಡಚಾಕ ಹೋದ್ಳಂತ. ಜೋರಲೆ ಒತ್ತಿದ್ಳಂತ, ಕಟ್ ಅಂತಂತ. ಅಷ್ಟೊತ್ತಿಗೆ ಶೀತಲ್ ಮೇಡಂ ಬಂದು ಹೊರಗ ಕರಕೊಂಡು ಹೋದ್ಳು. ಫೇಲ್ ಮಾಡಿದ್ರು. ಮುಂದಿನ ಸಲ ಕುಂತಾಗ ಬ್ಯಾರೆ ಯಾವುದೋ ಬಂತು, ಪಾಸಾದ್ಳು. ಈಗ ಪರೇಲ್‌ದಾಗ ಒಂದು ದೊಡ್ಡ ಆಸ್ಪತ್ರಿಯೊಳಗ ಸ್ಟಾಫ್ ನರ್ಸ್, ಅವ್ವನ ಜೋಡಿ ಸಯನ್‌ದಾಗೇ ಇರ್ತಾಳ. ಚೊಲೊ ನರ್ಸ್ ಅಂತಾರ ಎಲ್ಲಾರೂ. ನಗೂದಿಲ್ಲ ಅಷ್ಟೇ.

ಮೊನ್ನೆ ಮಾಟುಂಗಾದಾಗ ನಮ್ಮವರದೊಂದು ಮದುವಿ ಇತ್ತು. ಹಂಗೇ ಸಯನ್‌ಗೆ ಹೋಗಿ ಚನ್ನವ್ವನ್ನ ನೋಡಿ ಬರೂಣು ಅಂತ ಹೋದೆ. ಇಳಿಹೊತ್ತು. ಬಾಗಲಾ ದೂಡಿದ್ರ ಚನ್ನವ್ವ ಗ್ವಾಡಿಗೆ ಆನಿಕೊಂಡು ಚಕ್ಕಳಮಕ್ಕಳ ಹಾಕಿ ಕುಂತಾಳ, ಕಣ್ಣು ಮುಚ್ಚ್ಯಾವು, ಹಣಿ ತುಂಬ ವಿಭೂತಿ, ತೊಡಿ ಮ್ಯಾಲ ಕೈ. ಎವ್ವಾ ಅಂತ ಒದರಿದೆ. ಕಣ್ಣು ತಗದ್ಳು. ನಿದ್ದಿ ಹತ್ತಿತ್ತಂತ.

"ಏನವಾ ಇದು? ಹಾಸಿಗಿ ಮ್ಯಾಲ ಮಲಕೋಬಾರದೇನು?" ಅಂತ ಬೈದೆ. ಆಗ ನೋಡಿದೆ. ನಡಕ್ಕ ಒಂದು ಹಳೇ ಸೀರಿ ತುಂಡು ಸುತ್ತಿ, ಹಿಂದಿನ ಕಿಡಕಿ ಸರಳಿಗೆ ಕಟ್ಟೇತಿ. ನಿದ್ದಿಯಾಗ ಮಗ್ಗಲಿಗೆ ಬೀಳಬಾರದು ಅಂತ.

"ನಾ ಮಲಗೂದು ಬಿಟ್ಟು ಭಾಳ ದಿನಾ ಆತು ಅಕ್ಕಾ," ಅಂದ್ಳು ಚನ್ನವ್ವ. ಸಿಟ್ಟಿಲ್ಲ, ಅಳು ಇಲ್ಲ, ಚಾ ಕುಡೀತಿಯೇನು ಅಂದಂಗ ಅಂದ್ಳು. "ಯಾವಾಗ ಬರ್ತೈತೋ ಬರಲಿ. ಬಂದಾಗ ಕುಂತಿರಬೇಕು. ಮಗಳಿಗೆ ನನ್ನ ಸಲುವಾಗಿ ಕೆಲಸ ಇರಬಾರದು."

"ಅಕಿಗೆ ಗೊತ್ತೈತೇನು, ನೀ ಹಿಂಗ ಕಟಗೊಂಡು ಕುಂದರೂದು?"

"ಅಕೀನೇ ಕಟ್ತಾಳ. ಡ್ಯೂಟಿಗೆ ಹೋಗೂ ಮುಂದ."

ಬಗ್ಗಿ ಗಂಟು ನೋಡಿದೆ. ಚಪ್ಪಟಿ, ಚೊಕ್ಕ, ಒಂದು ನಿರಿಗಿ ಇಲ್ಲ. ರಮಾನಾಥನ ಹೆಬ್ಬಟ್ಟಿಗೆ ಕಟ್ಟತಿದ್ದ ಗಂಟೇ ಅದು.